ಜಮಖಂಡಿ ಬಸ್ಸಿಗೆ ನಲವತ್ತು ನಿಮಿಷ

ಬನಹಟ್ಟಿ ಬಸ್‌ಸ್ಟ್ಯಾಂಡಿನ ಮೂರನೇ ಕಂಬದ ಕೆಳಗ
ಮೂಲಿ ಒಡೆದ ಕಲ್ಲುಬೆಂಚು.
ಸಂಜಿ ಆರಕ್ಕ ಶೇಗುಣಸಿ ಅಕ್ಕೋರು ಅಲ್ಲಿ ಕುಂಡರತಿದ್ರು,
ಚೀಲದಾಗ ಮೆಂತೆ ಸಿವುಡು, ಟಿಫಿನ್ ಡಬ್ಬಿ,
ಕೆಂಪು ಪೆನ್ನು.
ಆರೂ ನಲವತ್ತಕ್ಕ ಜಮಖಂಡಿ ಬಸ್ಸು.
ನಡುವಿನ ನಲವತ್ತು ನಿಮಿಷ ನಂದು.

ಕೆಮಿಸ್ಟ್ರಿಯೊಳಗ ನನಗ ಬಂದದ್ದು ಹದಿನಾಲ್ಕು.
ಸಪ್ಲಿಮೆಂಟರಿಗೆ ಇಪ್ಪತ್ತಾರು ದಿನ.
"ಕಂಡಿಕಿ ಸುತ್ತಾಕರ ಬರ್ತೈತಿ ನಿನಗ, ಬಿಡು" ಅಂದಳು ಅವ್ವ.
ಅದು ಸಮಾಧಾನವೋ ಬೈಗುಳವೋ ತಿಳೀಲಿಲ್ಲ;
ರಾಟಿ ತಿರುಗಿಸತಾ ಅಂದಿದ್ದಳು.

ಹತ್ತನೇತ್ತೆ ತನಕ ನಾನು ಕಲತದ್ದು ಆಮ್ಲ, ಪ್ರತ್ಯಾಮ್ಲ.
ಕಾಲೇಜಿನಾಗ ಒಮ್ಮೆಲೇ ಆ್ಯಸಿಡ್ಡು, ಬೇಸು.
ಗುರುತಿನ ಮಂದಿ ವೇಷ ಹಾಕ್ಕೊಂಡು ಎದುರಿಗೆ ಬಂದಂಗ;
ನಮಸ್ಕಾರನೂ ಹೇಳದ ದಾಟಿ ಹೋಗಿದ್ದೆ
ಒಂದು ವರ್ಷ.
ಅಕ್ಕೋರು ಒಬ್ಬೊಬ್ಬರನ್ನೂ ಕರೆದು ನಿಲ್ಲಿಸಿದ್ರು:
"ಇವ ನೋಡು, ನಿಮ್ಮ ಉತ್ಕರ್ಷಣ.
ಪ್ಯಾಂಟ್ ಹಾಕ್ಯಾನ, ಅಷ್ಟ."

ಕಂಡಕ್ಟರು ಕೂಗತಿದ್ದ, ತೇರದಾಳ, ತೇರದಾಳ,
ಆ ಗದ್ದಲದಾಗ ಮೋಲ್ ಲೆಕ್ಕ.
ಅಕ್ಕೋರು ಹತ್ತು ರೂಪಾಯಿ ಶೇಂಗಾ ಕೊಂಡ್ರು.
"ಕಾಳು ಎಣಿಸಿ ಕೊಟ್ಟನೇನ ಆ ಹುಡುಗ? ತೂಗಿ ಕೊಟ್ಟ.
ನಾವೂ ಅಷ್ಟ. ಎಣಿಸಾಕ ಆಗದ್ದನ್ನ ತೂಗತೀವಿ."
ನನಗ ತಿಳೀತು. ಮರುದಿನ ಮರೀತು.
ಅವರು ಮತ್ತ ಶೇಂಗಾ ಕೊಂಡ್ರು.
ಒಂದು ಸಲ ಸಿಟ್ಟೂ ಬಂತು ಅವರಿಗೆ:
ನೋಟಬುಕ್ಕು ಮುಚ್ಚಿ ಮೆಂತೆ ಸೋಸತಾ ಕುಂತರು,
ಬಸ್ಸು ಬರೋ ತನಕ ಮಾತಿಲ್ಲ.
ನಾನೂ ನಾಕು ಕಡ್ಡಿ ಸೋಸಿದೆ.

ಪರೀಕ್ಷೆಗೆ ಮೂರು ದಿನ. ಅಪಕರ್ಷಣ.
ಇಲೆಕ್ಟ್ರಾನು ಕೊಟ್ಟಾಂವ ಯಾರು, ಇಸ್ಕೊಂಡಾಂವ ಯಾರು
ಅಂತ ಅವರು ಬಾಣ ಎಳೀತಿರಬೇಕಾದ್ರ
ನನ್ನ ಬಾಯಿಂದ ಬಂತು:
"ನಮ್ಮ ಬಾಜೂಕ ದುಂಡಪ್ಪ ಕಾಕಾ ನೂಲು ಅದ್ದತಾನಲ್ರಿ,
ಹೊಂಡದಾಗಿಂದ ಎತ್ತಿದಾಗ ಅದು ಹಳದಿ, ಹಸರು.
ಗಳಕ್ಕ ಹಾಕಿ, ಗಾಳಿ ಕುಡೀಲಿ ತಡಿ ಅಂತಾನ.
ಬೀಡಿ ಸೇದಿ ಮುಗಿಸೂದ್ರಾಗ ನೀಲಿ."

ಪೆನ್ನು ನಿಂತಿತು.
"ಇಪ್ಪತ್ತೆರಡು ವರ್ಷ ಕಲಿಸೇನಿ ಇದನ್ನ," ಅಂದ್ರು,
"ಕಣ್ಣಿಲೆ ಕಂಡಿಲ್ಲ. ಎಷ್ಟು ದೂರ?"
"ಎಂಟು ನಿಮಿಷರಿ."
ಗಡಿಯಾರ ನೋಡಿದ್ರು. ಎದ್ದರು.

ಬಣ್ಣದ ಮನಿ ಮುಂದಿನ ಗಟಾರ ಅವತ್ತು ಬದನಿಬಣ್ಣ.
ಚಪ್ಪಲಿ ಕಳೆದು, ಸೆರಗು ಸಿಗಿಸಿ
ಹೊಂಡದ ದಂಡಿಗೆ ಕುಕ್ಕರಗಾಲಿಲೆ ಕುಂತರು ಅಕ್ಕೋರು.
ಇನಸ್ಪೆಕ್ಟರ ಬಂದಾರಂತ ಹೆದರಿ
ದುಂಡಪ್ಪ ಕಾಕಾ ಬೀಡಿ ಒಗೆದ.
"ಏನೇನ ಹಾಕತೀರಿ?"
"ಸೋಡಾ, ಹೈಡ್ರೋಸು. ಅಳತಿ ಮೂಗಿಗೆ ಗೊತ್ತೈತ್ರಿ."
ಒಂದು ಲಡಿ ಎತ್ತಿದ. ಹಸರು.
ಮೂವರೂ ಸುಮ್ಮನಿದ್ವಿ.
ತುದಿಯಿಂದ ಹತ್ತಿತು ನೀಲಿ,
ಒಣ ಸೊಪ್ಪಿಗೆ ಕಿಡಿ ಹತ್ತಿದಂಗ, ಆದರ ಸಪ್ಪಳಿಲ್ಲದ.
"ನೋಡ, ನೋಡ" ಅಂದ್ರು ಅಕ್ಕೋರು;
ನನಗಲ್ಲ, ಯಾರಿಗೋ.
ಹಸಿ ಎಳಿ ಮುಟ್ಟಿ ನೋಡಿದ್ರು, ಇನ್ನೊಂದು ಎತ್ತರಿ ಅಂದ್ರು,
ಮತ್ತೊಂದು.

ಆರೂ ನಲವತ್ತು ಯಾವಾಗೋ ಆಗಿತ್ತು.

ಪರೀಕ್ಷೆಯಾಗ ಅದು ಬರಲೇ ಇಲ್ಲ.
ಬಂದದ್ದು ಮೋಲಾರಿಟಿ;
ಶೇಂಗಾ ನೆನಸಿಕೊಂಡು ಬಿಡಿಸಿದೆ, ಒಂದು ಸೊನ್ನಿ ತಪ್ಪಿತು.
ಒಟ್ಟು ಮೂವತ್ತೊಂಬತ್ತು.
ಅವತ್ತು ಬೆಳಿಗ್ಗೆ ಗೇಟಿನ ಕಡೆ ನಿಂತು
ನನ್ನ ಹಾಲ್‌ಟಿಕೀಟು ಎರಡು ಸಲ ಓದಿದ್ದ ಅವರ ಬೆರಳಿಗೆ,
ಉಗುರಿನ ಸಂದಿಯೊಳಗ, ಇನ್ನೂ ನೀಲಿ ಇತ್ತು.

ಆ ರಾತ್ರಿ ಎಷ್ಟಕ್ಕ ಜಮಖಂಡಿ ಮುಟ್ಟಿದ್ರೋ,
ಕಬ್ಬಿನ ಟ್ರ್ಯಾಕ್ಟರೋ, ಯಾರ ಗಾಡಿಯೋ,
ಮನ್ಯಾಗ ಯಾರು ಹಸಿದು ಕುಂತಿದ್ರೋ,
ಮೆಂತೆ ಬಾಡಿತ್ತೋ,
ನಾನು ಕೇಳಲಿಲ್ಲ.